ಉಳಿದ ಹುಡುಗರು ಹೇಗಿದ್ದಾರೆ?



ಇವತ್ತು ಜನವರಿ 15, ಸೇನಾ ದಿನ. ಬೆಳಗ್ಗೆಯಿಂದ ಪಥಸಂಚಲನ ನೋಡಿದ್ದೀರಿ, ಟ್ಯಾಂಕುಗಳನ್ನು ನೋಡಿದ್ದೀರಿ. ಓಡುವ ಬೈಕ್ ಮೇಲೆ ಗೋಪುರ ಕಟ್ಟಿ ನಿಂತ ಯೋಧರನ್ನು ನೋಡಿ ಮನೆಯಲ್ಲಿ ಮಕ್ಕಳು ಚಪ್ಪಾಳೆ ಹೊಡೆದಿರುತ್ತಾರೆ. ಅದರ ಮಧ್ಯೆ ಎರಡು ನಿಮಿಷದ ಒಂದು ಪ್ಯಾಕೇಜ್ ಕೂಡ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಕಪ್ಪು ಬಿಳುಪು ಫೋಟೊ, ಹಿಂದೆ ಡ್ರಮ್ ಸದ್ದು, ಗಡಸು ದನಿಯಲ್ಲಿ 'ಕೊಡಗಿನ ಕಲಿ, ಕನ್ನಡ ನಾಡಿನ ಹೆಮ್ಮೆ, ಮಹಾದಂಡನಾಯಕ ಕಾರ್ಯಪ್ಪ'. 1949ರಲ್ಲಿ ಇದೇ ದಿನ ಜನರಲ್ ರಾಯ್ ಬುಚರ್ ಅವರಿಂದ ಭಾರತದ ಭೂಸೇನೆಯ ಅಧಿಕಾರ ಒಬ್ಬ ಭಾರತೀಯನ ಕೈಗೆ ಬಂತು ಅನ್ನುವ ಸಾಲು. ಆಮೇಲೆ ಬ್ರೇಕ್. ಬ್ರೇಕ್ ಮುಗಿದ ಮೇಲೆ ಚಿನ್ನದ ರೇಟು.

ಆ ಪ್ಯಾಕೇಜಿನ ಸ್ಕ್ರಿಪ್ಟ್ ಬರೆದವನು ನಾನೇ. ಡೆಸ್ಕಿಗೆ ಸೇರಿದ ಹೊಸತರಲ್ಲಿ ಒಂದು ಗಂಟೆಯೊಳಗೆ ಬರೆದುಕೊಟ್ಟದ್ದು. ಪ್ರತಿ ವರ್ಷ ಇಸವಿ ಬದಲಿಸಿ ಅದನ್ನೇ ಓಡಿಸ್ತೇವೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಎರಡು ನಿಮಿಷದಲ್ಲಿ ಒಬ್ಬ ಮನುಷ್ಯ ಇಲ್ಲ, ಒಂದು ಮನೆ ಇಲ್ಲ, ಇಬ್ಬರು ಮಕ್ಕಳಿಲ್ಲ. ಒಂದು ಪ್ರತಿಮೆ ಇದೆ ಅಷ್ಟೇ. ಹಾಗಾಗಿ ಇವತ್ತು ರಾತ್ರಿಯ ಈ ಹೊತ್ತನ್ನು ನಾನು ಬೇರೆ ಯಾವ ಚರ್ಚೆಗೂ ಕೊಡುವುದಿಲ್ಲ. ಪ್ಯಾನೆಲ್‌ನಲ್ಲಿ ಯಾರೂ ಇಲ್ಲ. ಯಾರೂ ಕಿರುಚಾಡುವುದಿಲ್ಲ, ಹೆದರಬೇಡಿ.

ಮೊದಲು ನನ್ನದೇ ಒಂದು ವಿಷಯ ಹೇಳಿಬಿಡ್ತೇನೆ. ಕೆಲವು ವರ್ಷಗಳ ಹಿಂದೆ ನಾನು ವರದಿಗಾರನಾಗಿದ್ದಾಗ ಉತ್ತರ ಕರ್ನಾಟಕದ ಒಂದು ಹಳ್ಳಿಗೆ ಹೋಗಿದ್ದೆ. ಆ ಊರಿನ ಹುಡುಗನೊಬ್ಬ ಗಡಿಯ ಗುಡ್ಡಗಾಡಿನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿ ತೀರಿಹೋಗಿದ್ದ. ಪಾರ್ಥಿವ ಶರೀರ ಮರುದಿನ ಬರುವುದಿತ್ತು. ನಾವು ಹಿಂದಿನ ಸಂಜೆಯೇ ಹೋಗಿ ಮನೆ ಮುಂದೆ ಓಬಿ ವ್ಯಾನ್ ನಿಲ್ಲಿಸಿದ್ದೆವು. ಹುಡುಗನ ಅಪ್ಪ ಕೂಡ ನಿವೃತ್ತ ಸೈನಿಕರು. ಊರವರು ಅವರನ್ನು ಹವಾಲ್ದಾರ್ ಸಾಹೇಬ್ರು ಅಂತಲೇ ಕರೆಯುತ್ತಿದ್ದರು. ಜಗುಲಿ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಇಯರ್‌ಪೀಸ್‌ನಲ್ಲಿ ಸ್ಟುಡಿಯೋದಿಂದ ಅವಸರ. ನಾನು ಮೈಕ್ ಚಾಚಿ, ನಮ್ಮ ವೃತ್ತಿಯ ಅತ್ಯಂತ ನಾಚಿಕೆಗೇಡಿನ ಆ ಪ್ರಶ್ನೆ ಕೇಳಿದೆ. "ಈಗ ನಿಮಗೆ ಏನನ್ನಿಸ್ತಾ ಇದೆ?"

ಅವರು ನನ್ನ ಮುಖ ನೋಡಿದರು. "ತಮ್ಮಾ, ಬೆಳಗಿಂದ ಏನರ ತಿಂದೀಯೇನು?" ಅಂದರು.

ಲೈವ್‌ನಲ್ಲಿ ಹೋಯಿತು ಅದು. ಸ್ಟುಡಿಯೋದವರು ತಕ್ಷಣ ಬೇರೆ ಕಡೆ ಕಟ್ ಮಾಡಿದರು. ಅವರು ಅದಾದ ಮೇಲೆ ಇನ್ನೊಂದು ಮಾತು ಕೇಳಿದರು, ಕ್ಯಾಮೆರಾ ಆಫ್ ಆದ ಮೇಲೆ. ಅದನ್ನು ಆಮೇಲೆ ಹೇಳ್ತೇನೆ. ಯಾಕಂದ್ರೆ ಆ ಮಾತು ಅರ್ಥವಾಗಬೇಕಾದರೆ ನನಗೆ ಕಾರ್ಯಪ್ಪನವರು ಬೇಕಾಯಿತು.

1965ರ ಸೆಪ್ಟೆಂಬರ್ 22. ಭಾರತ ಪಾಕಿಸ್ತಾನ ಯುದ್ಧದ ಕೊನೆಯ ದಿನ. ಮರುದಿನ ನಸುಕಿಗೆ ಕದನವಿರಾಮ ಜಾರಿಯಾಗಬೇಕು. ವಾಯುಪಡೆಯ 20ನೇ ಸ್ಕ್ವಾಡ್ರನ್‌ನ ಹಂಟರ್ ವಿಮಾನಗಳು ಗಡಿಯಾಚೆ ದಾಳಿಗೆ ಹೋಗಿದ್ದವು. ಒಂದಕ್ಕೆ ನೆಲದಿಂದ ಹಾರಿಸಿದ ಗುಂಡು ತಗುಲಿ ಬೆಂಕಿ ಹೊತ್ತಿಕೊಂಡಿತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಮನೆಯಲ್ಲಿ ನಂದಾ. ವಯಸ್ಸು 27. ಸೀಟ್ ಸಮೇತ ಹೊರಗೆ ಹಾರಿದರು.

ಹಾರಿದರು ಅಂತ ಸುಲಭವಾಗಿ ಹೇಳಿಬಿಟ್ಟೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕೊನೆಯ ಸೆಮಿಸ್ಟರ್‌ನಲ್ಲಿ ಎಜೆಕ್ಷನ್ ಸೀಟ್ ಬಗ್ಗೆಯೇ ಸೆಮಿನಾರ್ ಕೊಟ್ಟಿದ್ದೆ. ಸೀಟಿನ ಬೆನ್ನಿಗೆ ಫಿರಂಗಿ ಕೊಳವೆಯಂಥ ಒಂದು ಕೊಳವೆ, ಅದರೊಳಗೆ ಸಿಡಿಮದ್ದು. ಹಿಡಿ ಎಳೆದರೆ ಸಾಕು, ಕೂತವನನ್ನು ಕೂತ ಭಂಗಿಯಲ್ಲೇ ಮೇಲಕ್ಕೆ ಹಾರಿಸಿಬಿಡುತ್ತದೆ. ಆ ಕ್ಷಣ ದೇಹದ ತೂಕ ಹತ್ತಾರು ಪಟ್ಟು ಹೆಚ್ಚಿದಂತಾಗಿ ಬೆನ್ನುಮೂಳೆಯ ಬಿಲ್ಲೆಗಳು ಒಂದರ ಮೇಲೊಂದು ಅಮುಕಿಕೊಳ್ಳುತ್ತವೆ. ಜೀವ ಉಳಿಸುವ ಸೀಟು ಬೆನ್ನು ಮುರಿಯುವುದೂ ಉಂಟು. ನಂದಾ ಅವರು ನೆಲಕ್ಕೆ ಬಿದ್ದಾಗ ಬೆನ್ನಿಗೆ ಜೋರಾಗಿ ಪೆಟ್ಟಾಗಿತ್ತು, ಏಳಲು ಆಗುತ್ತಿರಲಿಲ್ಲ. ಸುತ್ತ ಪಾಕಿಸ್ತಾನದ ಸೈನಿಕರು. ಯುದ್ಧ ಮುಗಿಯಲು ಇನ್ನೇನು ಕೆಲವೇ ಗಂಟೆ ಇರುವಾಗ ಯುದ್ಧ ಕೈದಿ.

ಕಾರ್ಯಪ್ಪ ಅನ್ನುವ ಹೆಸರು ಕೇಳಿದ ಮೇಲೆ ಅವರಿಗೆ ಹೊಳೆಯಿತು. ಈತ ಸಾಮಾನ್ಯ ಕೈದಿ ಅಲ್ಲ. ಪಾಕಿಸ್ತಾನ ರೇಡಿಯೊ ಸುದ್ದಿ ಬಿತ್ತರಿಸಿತು.

ಇಲ್ಲಿ ಒಂದು ಹಳೆಯ ನಂಟಿದೆ. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮೊದಲು ಗಡಿನಾಡಿನ ಬನ್ನೂ ಬ್ರಿಗೇಡಿನಲ್ಲಿ ಕಾರ್ಯಪ್ಪನವರು ಬ್ರಿಗೇಡಿಯರ್ ಆಗಿದ್ದಾಗ ಅವರ ಕೈಕೆಳಗೆ ಕೆಲಸ ಮಾಡಿದವರು. ಆ ಬನ್ನೂ ದಿನಗಳದ್ದೇ ಒಂದು ಪ್ರಸಂಗ ಇದೆ. ಪಠಾಣರ ಹಳ್ಳಿಯೊಂದರ ಹೆಂಗಸರು ಡಬ್ಬಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆಯುವುದನ್ನು ಕಂಡ ಕಾರ್ಯಪ್ಪ, ಆ ಹಳ್ಳಿಯಲ್ಲೇ ಬಾವಿ ತೋಡಿಸಲು ಹೇಳಿದರಂತೆ. ಬ್ರಿಟಿಷರ ಸೈನ್ಯ ಅಂದರೆ ಗುಂಡು ಹಾರಿಸುತ್ತಿದ್ದ ಜನ ಅವರನ್ನು ಖಲೀಫಾ ಅಂತ ಕರೆದರು. ಅದೇ ಕಾರ್ಯಪ್ಪ 1947-48ರಲ್ಲಿ ಕಾಶ್ಮೀರದ ಯುದ್ಧದಲ್ಲಿ ಪಶ್ಚಿಮ ಭಾಗದ ಸೇನೆಯ ಹೊಣೆ ಹೊತ್ತು, ನಿನ್ನೆ ಮೊನ್ನೆಯವರೆಗೆ ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರ ವಿರುದ್ಧವೇ ನಿಲ್ಲಬೇಕಾಯಿತು. ಸೇನೆಯನ್ನು ಎರಡು ದೇಶಗಳ ನಡುವೆ ಪಾಲು ಮಾಡುವ ಸಮಿತಿಯಲ್ಲೂ ಅವರಿದ್ದರು. ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಪಾತ್ರೆ ಲೆಕ್ಕ ಬರೆಯುವ ದೊಡ್ಡಪ್ಪ ಇರ್ತಾರಲ್ಲ, ಹೆಚ್ಚು ಕಡಿಮೆ ಆ ಸ್ಥಿತಿ.

ಸರಿ. ಅಯೂಬ್ ಖಾನ್ ಅವರಿಂದ ಕಾರ್ಯಪ್ಪನವರಿಗೆ ಸಂದೇಶ ಬಂತು. ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಡುಗಡೆ ಮಾಡ್ತೇವೆ ಅಂತ. ಕಾರ್ಯಪ್ಪನವರು ಆಗ ಮಡಿಕೇರಿಯಲ್ಲಿ ತಮ್ಮ 'ರೋಶನಾರಾ' ಮನೆಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದರು. ವಯಸ್ಸು 66. ಅವರು ಕೊಟ್ಟ ಉತ್ತರ ನಿಮಗೆಲ್ಲ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಒಬ್ಬೊಬ್ಬರು ಒಂದೊಂದು ಡೈಲಾಗ್ ಸೇರಿಸಿ, ಸಿನಿಮಾ ಮಾಡಿಬಿಟ್ಟಿದ್ದಾರೆ. ಡೈಲಾಗ್ ಎಲ್ಲ ತೆಗೆದುಹಾಕಿದರೆ ಉಳಿಯುವ ಸಾರ ಇಷ್ಟು: ಅಲ್ಲಿರುವ ಭಾರತದ ಕೈದಿಗಳೆಲ್ಲರೂ ನನ್ನ ಮಕ್ಕಳೇ. ಅವನಿಗೊಬ್ಬನಿಗೆ ವಿಶೇಷ ಏನೂ ಬೇಡ. ಎಲ್ಲರನ್ನೂ ಹೇಗೆ ನೋಡಿಕೊಳ್ತೀರೋ ಹಾಗೇ ಅವನನ್ನೂ ನೋಡಿಕೊಳ್ಳಿ. ಬಿಡುವುದಾದರೆ ಎಲ್ಲರನ್ನೂ ಬಿಡಿ.

ನಮ್ಮ ಎರಡು ನಿಮಿಷದ ಪ್ಯಾಕೇಜಿನಲ್ಲಿ ಈ ಉತ್ತರಕ್ಕೆ ನಾನು ಹಾಕಿದ್ದ ಪದ 'ಉಕ್ಕಿನ ಎದೆ'. ಈಗ ಓದಿದರೆ ನನಗೇ ಇರುಸುಮುರುಸಾಗುತ್ತದೆ. ಉಕ್ಕಿನ ಎದೆ ಅಂದರೆ ಏನರ್ಥ? ಮಗನ ಮೇಲೆ ಪ್ರೀತಿ ಇಲ್ಲ ಅಂತಾನಾ? ದೇಶ ದೊಡ್ಡದು, ಮಗ ಚಿಕ್ಕವನು ಅಂತ ತಕ್ಕಡಿಯಲ್ಲಿ ತೂಗಿದರು ಅಂತಾನಾ? ಬಹಳ ದಿನ ನಾನು ಹಾಗೇ ತಿಳಿದಿದ್ದೆ. ಇವತ್ತು ಹಾಗನ್ನಿಸುವುದಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಅವರ ಮನೆಯೊಳಗೆ ಹೋಗಬೇಕು.

ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯಲ್ಲಿ ನೌಕರರು. ಮನೆಯಲ್ಲಿ 'ಚಿಮ್ಮ' ಅಂತ ಕರೀತಿದ್ದರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಇಂದೋರಿನ ಕೆಡೆಟ್ ಕಾಲೇಜು, 1919ರಲ್ಲಿ ಅಧಿಕಾರಿ. 'ಮೊದಲ ಭಾರತೀಯ' ಅನ್ನುವ ಪದ ಅವರ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ ಅಂದರೆ ಓದುವವರಿಗೆ ಆಯಾಸ ಆಗಬೇಕು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ, ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯ, ಹೀಗೆ. ಹೆಸರು ಹೇಳಲು ಬಾರದ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿ ಇಟ್ಟ ಅಡ್ಡಹೆಸರು 'ಕಿಪ್ಪರ್'. ಅದು ಕೊನೆಯವರೆಗೂ ಉಳಿಯಿತು. ಇವೆಲ್ಲ ಪ್ಯಾಕೇಜಿನಲ್ಲಿವೆ, ಬಿಡಿ.

ಪ್ಯಾಕೇಜಿನಲ್ಲಿ ಇಲ್ಲದ್ದು ಇದು. 1937ರಲ್ಲಿ ಮದುವೆ. ಹೆಂಡತಿ ಮುತ್ತು ಮಾಚಯ್ಯ, ಅರಣ್ಯಾಧಿಕಾರಿಯ ಮಗಳು. ಮರುವರ್ಷ ಮಗ ನಂದಾ. 1943ರಲ್ಲಿ ಮಗಳು ನಳಿನಿ. ಗಂಡನಿಗೂ ಹೆಂಡತಿಗೂ ವಯಸ್ಸಿನ ಅಂತರ ದೊಡ್ಡದು. ಆತ ಸದಾ ಕೆಲಸದಲ್ಲಿ ಮುಳುಗಿದ ಮನುಷ್ಯ. ಸಂಸಾರ ನಿಲ್ಲಲಿಲ್ಲ. 1945ರಲ್ಲಿ ಬೇರೆಯಾದರು. 1948ರಲ್ಲಿ ಆಕೆ ಅಪಘಾತದಲ್ಲಿ ತೀರಿಕೊಂಡರು.

ಇದನ್ನು ನಾನು ಗಾಸಿಪ್‌ಗಾಗಿ ಹೇಳ್ತಿಲ್ಲ. ಲೆಕ್ಕ ಹಾಕಿ ನೋಡಿ. 1948 ಅಂದರೆ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದೆ. ಝೋಜಿಲಾದಂಥ ಎತ್ತರದ ಕಣಿವೆದಾರಿಯಲ್ಲಿ ಟ್ಯಾಂಕ್ ಹತ್ತಿಸಿದ ವರ್ಷ ಅದು. ಆ ಕಾರ್ಯಾಚರಣೆ ನಡೆಸಿದವರು ಇನ್ನೊಬ್ಬ ಕೊಡಗಿನವರು, ತಿಮ್ಮಯ್ಯ. ಅವರ ಮೇಲಧಿಕಾರಿ ಕಾರ್ಯಪ್ಪ. ಅದೇ ವರ್ಷ ಹತ್ತು ವರ್ಷದ ಮಗ, ಐದು ವರ್ಷದ ಮಗಳು ತಾಯಿ ಇಲ್ಲದವರಾದರು. ಮುಂದಿನ ಜನವರಿ 15ಕ್ಕೆ ಅಪ್ಪ ಇಡೀ ಸೈನ್ಯದ ಮುಖ್ಯಸ್ಥ. ಪ್ರತಿ ವರ್ಷ ನಾವು ಸಂಭ್ರಮಿಸುವ ಈ ದಿನದ ಹಿಂದೆ ಅಂಥದ್ದೊಂದು ಮನೆ ಇತ್ತು. ಅವರು ಮರುಮದುವೆ ಆಗಲಿಲ್ಲ.

ಅಂಥ ಅಪ್ಪ ಮಕ್ಕಳನ್ನು ಮುದ್ದಿನಿಂದ ಹಾಳು ಮಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ದೆಹಲಿಯ ಆ ದಿನಗಳ ಬಗ್ಗೆ ನಂದಾ ಅವರು ಹೇಳಿಕೊಂಡಿರುವ ಒಂದು ಘಟನೆ ಕೇಳಿ. ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು ಉಳಿದ ಸೇನಾಧಿಕಾರಿಗಳ ಮಕ್ಕಳ ಜೊತೆ ಮಿಲಿಟರಿ ಟ್ರಕ್ಕಿನಲ್ಲಿ. ಒಂದು ದಿನ ಟ್ರಕ್ ಬರಲಿಲ್ಲ. ಅಪ್ಪನ ಸಹಾಯಕ ಅಧಿಕಾರಿ ಪಾಪ, ಒಳ್ಳೆಯ ಮನಸ್ಸಿನಿಂದ ಮಕ್ಕಳನ್ನು ಸರ್ಕಾರಿ ಕಾರಿನಲ್ಲಿ ಕಳಿಸಿಕೊಟ್ಟರು. ಎರಡು ದಿನ ಬಿಟ್ಟು ತಿಂಡಿ ತಿನ್ನುವಾಗ ವಿಷಯ ಅಪ್ಪನಿಗೆ ಗೊತ್ತಾಯಿತು. ಕೆಂಡವಾದರು. ಆ ಪ್ರಯಾಣಕ್ಕೆ ಬಿಲ್ ಮಾಡಿಸಿ, ತಮ್ಮ ಸಂಬಳದಲ್ಲಿ ಹಿಡಿಯಲು ಹೇಳಿದರು.

ನಾನು ಇದನ್ನು ಓದಿ ನಕ್ಕೆ, ಆಮೇಲೆ ನಗು ನಿಂತಿತು. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಅವಳ ಎಲ್‌ಕೆಜಿ ಸೀಟಿಗೆ ನಾನು ಒಂದು ಫೋನ್ ಮಾಡಿದ್ದೇನೆ. 'ನಾನು ಇಂಥ ಚಾನೆಲ್‌ನಿಂದ' ಅಂತ ಶುರುವಾದ ಫೋನ್. ಸೀಟು ಸಿಕ್ಕಿತು. ಆ ಸೀಟು ಯಾರಿಗೆ ಸಿಗಬೇಕಿತ್ತೋ ಆ ಮಗುವಿನ ಹೆಸರು ನನಗೆ ಗೊತ್ತಿಲ್ಲ. ಕೆಲವರಿಗೆ ಇದು ತೀರಾ ಚಿಕ್ಕ ವಿಷಯ ಅನ್ನಿಸಬಹುದು. ಸರ್ಕಾರಿ ಕಾರೂ ಚಿಕ್ಕ ವಿಷಯವೇ.

ಒಂದು ದಿನದ ಕಾರಿಗೆ ಬಿಲ್ ಕಟ್ಟಿದ ಮನುಷ್ಯನಿಗೆ 1965ರ ಆ ಉತ್ತರ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಉಳಿದ ಮಕ್ಕಳೆಲ್ಲ ಟ್ರಕ್ಕಿಗೆ ಕಾಯುತ್ತಿರುವಾಗ ನನ್ನ ಮಕ್ಕಳು ಕಾರಿನಲ್ಲಿ ಹೋಗಬಾರದು. ಉಳಿದ ಕೈದಿಗಳ ಅಪ್ಪ ಅಮ್ಮಂದಿರು ಕಾಯುತ್ತಿರುವಾಗ ನನ್ನ ಮಗನೊಬ್ಬನೇ ಮನೆಗೆ ಬರಬಾರದು. ಎರಡೂ ಒಂದೇ ಮಾತು.

ಇನ್ನೂ ಒಂದಿದೆ. ಇವರು ಸ್ವತಃ ಸಾವಿರಾರು ಮನೆಗಳ ಮಕ್ಕಳನ್ನು ಕಾಶ್ಮೀರದ ಬೆಟ್ಟಗಳಿಗೆ ಕಳಿಸಿದವರು. ಅವರಲ್ಲಿ ವಾಪಸ್ ಬರದವರು ಎಷ್ಟೋ ಮಂದಿ. ಆ ತಾಯಿ ತಂದೆಯರಿಗೆ ಅಯೂಬ್ ಖಾನ್ ಪರಿಚಯ ಇರಲಿಲ್ಲ. ತನ್ನ ಹಳೆಯ ನಂಟು ಬಳಸಿ ಮಗನನ್ನು ಕರೆಸಿಕೊಂಡಿದ್ದರೆ ಅವರು ಯಾವ ಜವಾನನ ಅಪ್ಪನ ಮುಖವನ್ನು ನೋಡಬಹುದಿತ್ತು? ನನ್ನ ಪ್ರಕಾರ ಅವರು ಮಗನಿಗಿಂತ ದೇಶ ದೊಡ್ಡದು ಅನ್ನಲಿಲ್ಲ. ನನಗಿರುವುದು ಒಬ್ಬನೇ ಮಗ ಅಲ್ಲ ಅಂದರು. ಆ ಎರಡಕ್ಕೂ ಬಹಳ ವ್ಯತ್ಯಾಸ ಇದೆ ವೀಕ್ಷಕರೇ. ಟೀವಿಯಲ್ಲಿ ನಾವು ಮೊದಲನೆಯದನ್ನೇ ಹೇಳ್ತೇವೆ, ಯಾಕಂದ್ರೆ ಅದಕ್ಕೆ ಡ್ರಮ್ ಬಾರಿಸಬಹುದು.

ಆಚೆ ಕಡೆಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಹೇಳಿದರೆ ನಾಳೆ ನನ್ನ ಫೇಸ್‌ಬುಕ್ ಪೇಜ್ ತುಂಬಾ ಬೈಗುಳ ಬೀಳಬಹುದು. ಬೀಳಲಿ. ನಂದಾ ಅವರು ಆಸ್ಪತ್ರೆಯಲ್ಲಿದ್ದಾಗ ಅಯೂಬ್ ಖಾನ್ ಅವರ ಪತ್ನಿ ಮತ್ತು ಮಗ ನೋಡಲು ಬಂದರು. ಕೈಯಲ್ಲಿ ಸಿಗರೇಟಿನ ದೊಡ್ಡ ಪ್ಯಾಕು, ಜೊತೆಗೆ ಪಿ.ಜಿ. ವುಡ್‌ಹೌಸ್ ಬರೆದ ಕಾದಂಬರಿ. ಎರಡು ದೇಶಗಳು ಒಬ್ಬರ ಮೇಲೊಬ್ಬರು ಬಾಂಬ್ ಹಾಕಿ ಮುಗಿಸಿದ ಹೊತ್ತಿನಲ್ಲಿ, ಒಂದು ದೇಶದ ಅಧ್ಯಕ್ಷರ ಹೆಂಡತಿ ಶತ್ರು ಪೈಲಟ್‌ಗೆ ನಗೆಪುಸ್ತಕ ತಂದುಕೊಟ್ಟಳು. ಹಾಗಂತ ಯುದ್ಧ ಯುದ್ಧ ಅಲ್ಲ ಅಂತಲ್ಲ. ಹಂಟರ್ ಮೇಲೆ ಹಾರಿಸಿದ ಗುಂಡು ನಿಜ, ಬೆನ್ನುಮೂಳೆಯ ಪೆಟ್ಟೂ ನಿಜ.

1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದ ಆಯಿತು. ಕೈದಿಗಳ ವಿನಿಮಯ ಆಯಿತು. ಸುಮಾರು ನಾಲ್ಕು ತಿಂಗಳ ಮೇಲೆ ನಂದಾ ಉಳಿದವರ ಜೊತೆಗೆ ಮರಳಿದರು. ಮೊದಲಲ್ಲ, ಉಳಿದವರ ಜೊತೆಗೆ. ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆದರು. ಅಪ್ಪನ ಜೀವನ ಚರಿತ್ರೆಯನ್ನೂ ಬರೆದರು.

ಕಾರ್ಯಪ್ಪನವರು ಪರಿಪೂರ್ಣರಾಗಿದ್ದರು ಅಂತ ನಾನು ಹೇಳೋದಿಲ್ಲ. ನಡೆನುಡಿಯಲ್ಲಿ ಅರ್ಧ ಇಂಗ್ಲಿಷಿನವರು. ರಾತ್ರಿ ಊಟಕ್ಕೆ ಮನೆಯಲ್ಲೂ ಸೂಟು ಬೂಟು. ಜವಾನರ ಹಿಂದುಸ್ತಾನಿಯಲ್ಲಿ ತಡವರಿಸುತ್ತಿದ್ದರು, ಅದರ ಬಗ್ಗೆ ಸೇನೆಯಲ್ಲಿ ಜೋಕುಗಳಿವೆ. ಸಮವಸ್ತ್ರ ಕಳಚಿದ ಮೇಲೆ ರಾಜಕೀಯದ ಬಗ್ಗೆ ಆಡಿದ ಕೆಲವು ಮಾತುಗಳು ಪ್ರಜಾಪ್ರಭುತ್ವ ನಂಬುವ ಯಾರಿಗೂ ಹಿಡಿಸುವಂಥವಲ್ಲ. ದೇಶ ಸರಿ ಹೋಗಬೇಕಾದರೆ ಸ್ವಲ್ಪ ಕಾಲ ಚುನಾವಣೆ, ಪಕ್ಷ ಎಲ್ಲ ಪಕ್ಕಕ್ಕಿಡಬೇಕು ಅನ್ನುವ ಧಾಟಿಯವು. 1971ರಲ್ಲಿ ಅವರೇ ಲೋಕಸಭೆಗೆ ಬಾಂಬೆಯಿಂದ ಸ್ಪರ್ಧಿಸಿ ಸೋತರು. ಜನ ಫೋಟೊಗೆ ಹಾರ ಹಾಕ್ತಾರೆ, ಮತ ಹಾಕಬೇಕೆಂದೇನಿಲ್ಲ. ಅದೂ ಪ್ರಜಾಪ್ರಭುತ್ವವೇ.

ಆದರೆ ನಿವೃತ್ತಿಯ ನಂತರ ಅವರು ಹಿಡಿದು ಬಿಡದ ಒಂದು ಕೆಲಸ ಇತ್ತು, ಮಾಜಿ ಸೈನಿಕರದ್ದು. ನಮ್ಮ ನಿಮ್ಮಂಥವರು ಅರವತ್ತಕ್ಕೆ ನಿವೃತ್ತರಾಗ್ತೇವೆ. ಜವಾನ ಹಾಗಲ್ಲ. ನಲವತ್ತರ ಆಸುಪಾಸಿಗೇ ಮನೆಗೆ ಬರ್ತಾನೆ, ಆಗಿನ ಕಾಲದಲ್ಲಿ ಇನ್ನೂ ಬೇಗ. ಮಕ್ಕಳು ಇನ್ನೂ ಶಾಲೆಯಲ್ಲಿರ್ತಾರೆ, ಹೊಲ ಅಣ್ಣ ತಮ್ಮಂದಿರ ಕೈಯಲ್ಲಿರುತ್ತದೆ, ಪಿಂಚಣಿ ಅರ್ಧ ತಿಂಗಳಿಗೇ ಮುಗಿಯುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಎಟಿಎಂ ಬಾಗಿಲಲ್ಲಿ ನಿಂತಿರುವ ಸೆಕ್ಯುರಿಟಿಯವರನ್ನು ಒಮ್ಮೆ ಮಾತಾಡಿಸಿ ನೋಡಿ, ಎಷ್ಟೋ ಸಲ ಅವರು ಯಾವುದೋ ರೆಜಿಮೆಂಟಿನ ಹೆಸರು ಹೇಳ್ತಾರೆ. 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘ, ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್ ಹುಟ್ಟಿದ್ದರ ಹಿಂದೆ ಕಾರ್ಯಪ್ಪನವರಿದ್ದರು. ಗಮನಿಸಿ, ಮಗ ಸೆರೆ ಸಿಕ್ಕಿದ್ದಕ್ಕಿಂತ ಒಂದು ವರ್ಷ ಮೊದಲೇ. ಸೇವೆ ಮುಗಿಸಿದವರಿಗೆ ಮತ್ತೆ ನೆಲೆ ಕಲ್ಪಿಸುವ ಪುನರ್ವಸತಿ ನಿರ್ದೇಶನಾಲಯಕ್ಕೂ ಅವರ ಒತ್ತಾಸೆ ಇತ್ತು. ಜವಾನರೆಲ್ಲ ನನ್ನ ಮಕ್ಕಳು ಅನ್ನುವುದು ಅವರಿಗೆ ಭಾಷಣದ ಸಾಲು ಆಗಿರಲಿಲ್ಲ. ಆ ಮಕ್ಕಳು ಮನೆಗೆ ಹೋದ ಮೇಲೆ ಏನು ತಿನ್ನುತ್ತಾರೆ ಅನ್ನುವ ಯೋಚನೆಯೂ ಅದರ ಜೊತೆಗಿತ್ತು.

ಅಪ್ಪನ ಬಗ್ಗೆ ನಂದಾ ಹೇಳಿರುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1986ರ ಏಪ್ರಿಲ್ 28, ರಾಷ್ಟ್ರಪತಿ ಭವನ. ನಿವೃತ್ತರಾಗಿ ಮೂವತ್ತಮೂರು ವರ್ಷ ಕಳೆದ ಮೇಲೆ ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ದಂಡ ಕೊಡುವ ಸಮಾರಂಭ. ವಯಸ್ಸು 87. ಬಲಗಾಲಿನ ಕಿರುಬೆರಳು ವಿಪರೀತ ನೋವು. ಮನೆಯಲ್ಲಿ ಆ ಬೆರಳಿಗಾಗಿಯೇ ಶೂ ಒಂದು ಕಡೆ ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ಮನೆಯವರೆಲ್ಲ ಗೋಗರೆದರು, ಇವತ್ತೊಂದು ದಿನ ಮೆತ್ತನೆಯ ಕ್ಯಾನ್ವಾಸ್ ಶೂ ಹಾಕ್ಕೊಳ್ಳಿ ಅಂತ. ಕೇಳಲಿಲ್ಲ. ಸಮವಸ್ತ್ರಕ್ಕೆ ಯಾವ ಶೂ ಹಾಕಬೇಕೋ ಅದೇ ಚೂಪು ಮೂತಿಯ ಶೂ. ಊರುಗೋಲು ಬೇಡ ಅಂದರು. ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದಿನವರೆಗೆ ಯಾರ ಆಸರೆಯೂ ಇಲ್ಲದೆ ನಡೆದುಕೊಂಡು ಹೋದರು.

ಆ ಸಮಾರಂಭದ ಫೋಟೊ ನೀವೂ ನೋಡಿರುತ್ತೀರಿ. ಮುಖದಲ್ಲಿ ಏನೂ ಕಾಣುವುದಿಲ್ಲ. ಆದರೆ ಆ ಸಭಾಂಗಣದಲ್ಲಿ ಕೂತಿದ್ದ ಮನೆಯವರ ಕಣ್ಣು ದಂಡದ ಮೇಲಿತ್ತೋ ಬಲಗಾಲಿನ ಮೇಲಿತ್ತೋ, ನೀವೇ ಹೇಳಿ.

1993ರ ಮೇ 15ರಂದು ಬೆಂಗಳೂರಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ. ಸ್ಯಾಮ್ ಮಾಣೆಕ್ ಷಾ ಬಂದಿದ್ದರು, ಮೂರೂ ಸೇನಾಪಡೆಗಳ ಮುಖ್ಯಸ್ಥರು ಬಂದಿದ್ದರು. ಚಿತೆಗೆ ಬೆಂಕಿ ಇಟ್ಟವರು ಮಗ, 1965ರಲ್ಲಿ ಉಳಿದವರಿಗಿಂತ ಮೊದಲು ಮನೆಗೆ ಬರದ ಮಗ. 2017ರ ನವೆಂಬರ್‌ನಲ್ಲಿ ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಗಳನ್ನು ಆಗಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್ ಅನಾವರಣ ಮಾಡಿದರು. ಕಾರ್ಯಪ್ಪನವರಿಗೆ ಭಾರತರತ್ನ ಕೊಡಬೇಕು ಅಂತಲೂ ಅಂದರು. ಆ ದಿನ ನಮ್ಮ ಚಾನೆಲ್ ಅದೇ ಎರಡು ನಿಮಿಷದ ಪ್ಯಾಕೇಜ್ ಓಡಿಸಿತು.

ಈಗ ಆ ಹಳ್ಳಿಯ ಜಗುಲಿಗೆ ವಾಪಸ್ ಬರ್ತೇನೆ.

ನಾನು ಏನೂ ತಿಂದಿಲ್ಲ ಅಂತ ಗೊತ್ತಾಗಿ ಒಳಗಿನಿಂದ ಯಾರೋ ಅವಲಕ್ಕಿ ತಂದರು. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯಿಂದ ತಂದದ್ದು. ಬೇಡ ಅನ್ನಲು ಧೈರ್ಯ ಬರಲಿಲ್ಲ, ನುಂಗಲೂ ಆಗಲಿಲ್ಲ. ಕ್ಯಾಮೆರಾಮನ್ ಟ್ರೈಪಾಡ್ ಮಡಚುತ್ತಿದ್ದ. ಆಗ ಹವಾಲ್ದಾರ್ ಸಾಹೇಬ್ರು ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಆ ಗಾಡ್ಯಾಗ ಇನ್ನೂ ಹುಡುಗ್ರಿದ್ರಲ್ಲಾ, ಅವ್ರು ಹ್ಯಾಂಗದಾರ? ನೀವು ಟೀವಿಯವ್ರು, ನಿಮಗ ಗೊತ್ತಿರ್ತದ."

ನನಗೆ ಗೊತ್ತಿರಲಿಲ್ಲ. ಬೆಳಗ್ಗೆಯಿಂದ ಆರು ಸಲ ಲೈವ್ ಕೊಟ್ಟಿದ್ದೆ. ಆ ಗಾಡಿಯಲ್ಲಿ ಬೇರೆ ಯಾರಿದ್ದರು ಅಂತ ಒಂದು ಸಲವೂ ನಾನು ಕೇಳಿರಲಿಲ್ಲ. ಅವರು ನಮ್ಮ ರಾಜ್ಯದವರಲ್ಲ, ಹಾಗಾಗಿ ನಮ್ಮ ಸುದ್ದಿಯಲ್ಲ. ಮಗನನ್ನು ಕಳೆದುಕೊಂಡ ಅಪ್ಪ ಆ ಲೆಕ್ಕ ಇಟ್ಟಿದ್ದರು. ನಾನು ಇಟ್ಟಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆ, ಅಲ್ಲಿಂದ ದೆಹಲಿಯ ವರದಿಗಾರರಿಗೆ. ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಮಲಗದೆ ಅಲ್ಲೇ ಕೂತಿದ್ದರು. ರಾತ್ರಿ ಒಂಬತ್ತೂವರೆಗೆ ಉತ್ತರ ಬಂತು. ಇನ್ನಿಬ್ಬರು ಆಸ್ಪತ್ರೆಯಲ್ಲಿದ್ದಾರೆ, ಒಬ್ಬನಿಗೆ ಕಾಲು ಮುರಿದಿದೆ, ಇನ್ನೊಬ್ಬನಿಗೆ ತಲೆಗೆ ಪೆಟ್ಟು, ಪ್ರಾಣಾಪಾಯ ಇಲ್ಲ. ಹೋಗಿ ಹೇಳಿದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಹೆಸರೇನಂತ ಅವ್ರವು?"

ಹೆಸರು ನಾನು ಕೇಳಿಕೊಂಡಿರಲಿಲ್ಲ. ಮತ್ತೆ ಫೋನ್ ಮಾಡಿದೆ.